ಅಲಸಂದೆಯ ಬೇರಿನ ಗಂಟು

ಉತ್ತರಹಳ್ಳಿಯ ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಅರವತ್ತರ ದಶಕದ ಆರಂಭದಲ್ಲಿ ಕೃಷಿ ಪದವಿ ಮುಗಿಸಿ ಬಂದವನು, ಕೆರೆಯ ಹಿಂದಿನ ಅರ್ಧ ಎಕರೆಯನ್ನು ಒಂದು ಬೆಳೆಯ ಮಟ್ಟಿಗೆ ನನಗೆ ಬಿಟ್ಟುಕೊಡಬೇಕೆಂದು ತಂದೆಯವರನ್ನು ವಿನಂತಿಸಿದೆ. ಭರಣಿ ಮಳೆಗೆ ಅಲಸಂದೆ ಬಿತ್ತುವುದು, ಹೂ ಬಿಡುವ ಹೊತ್ತಿಗೆ ಕುರಿ ಬಿಟ್ಟು ಮೇಯಿಸುವುದು, ಉಳಿದ ಬುಡವನ್ನೂ ಹಿಕ್ಕೆಯನ್ನೂ ಉತ್ತು ಮಣ್ಣಿಗೆ ಸೇರಿಸಿ ರಾಗಿ ಬಿತ್ತುವುದು. ಇದು ನನ್ನ ಯೋಜನೆ. ಒಪ್ಪಿಗೆ ದೊರೆಯಿತು. ಆದರೆ ಇದು ಕೆಟ್ಟರೆ ಮುಂದೆಂದೂ ಹೊಲದ ವಿಷಯದಲ್ಲಿ ನಾನು ಬಾಯಿ ಹಾಕಬಾರದೆಂಬ ಷರತ್ತಿತ್ತು.

ಕೈಯಾರೆ ಬೆಳೆದದ್ದನ್ನು ಯಾರಾದರೂ ಕುರಿಗೆ ಬಿಡುತ್ತಾರೆಯೇ ಎಂದು ಊರು ನಕ್ಕಿತು. ಅಲಸಂದೆ ಮಾತ್ರ ಸೊಂಪಾಗಿ ಬಂತು.

ಹೂ ಕಾಣಿಸಿದ ವಾರ ತಂದೆಯವರು ಒಂದು ಗಿಡವನ್ನು ಬೇರುಸಹಿತ ಕಿತ್ತು ತಂದು ಜಗಲಿಯ ಮೇಲೆ ಹಾಕಿದರು. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ವರ್ಷವಿಡೀ ಬದನೆ ಬೆಳೆಯುತ್ತಿದ್ದ ಅವರಿಗೆ ಬೇರಿನಲ್ಲಿ ಗಂಟೆಂದರೆ ಒಂದೇ ಅರ್ಥ.

"ಗಂಟುರೋಗ. ನಾಳೆನೇ ಉತ್ತಾಕ್ತೀನಿ. ಪಕ್ಕದ ಬದ್ನೆ ಮಡಿಗೂ ಹತ್ಕೊಂಡ್ರೆ ಏನ್ ಮಾಡ್ಲಿ?"

ದ್ವಿದಳ ಸಸ್ಯ, ಸೂಕ್ಷ್ಮಜೀವಿ, ಸಾರಜನಕ ಎಂದು ನಾನು ಶುದ್ಧ ಪುಸ್ತಕದ ಮಾತಿನಲ್ಲಿ ವಿವರಿಸತೊಡಗಿದೆ. ವಿವರಿಸಿದಷ್ಟೂ ಅದು ಇನ್ನೂ ದೊಡ್ಡ ರೋಗವೆಂಬಂತೆ ಕೇಳಿಸಿತು. ನಿಜ ಹೇಳಬೇಕೆಂದರೆ, ಆ ಗಂಟುಗಳನ್ನು ನಾನೂ ಅಲ್ಲಿಯವರೆಗೆ ಕಪ್ಪುಹಲಗೆಯ ಚಿತ್ರದಲ್ಲಿ ಮಾತ್ರ ನೋಡಿದ್ದೆ.

ರಾಗಿ ಕೇರುತ್ತಿದ್ದ ತಾಯಿಯವರು ಮೊರ ಕೆಳಗಿಟ್ಟು, ಹೆಬ್ಬೆರಳಿನಿಂದ ಒಂದು ಗಂಟನ್ನು ತಳ್ಳಿದರು. ಅದು ಬೇರಿನಿಂದ ಕಳಚಿಬಂತು.

"ಬದ್ನೆ ಗಂಟು ಹಿಂಗೆ ಬಿಡಿಸ್ಕೊಂಡು ಬರ್ತದಾ? ರಾಗಿ ಹೊಲ್ದಲ್ಲಿ ಹೆಚ್ಚಿಗೆ ಅವರೆ ಸಸಿ ಕೀಳೋವಾಗ ವರ್ಷ ವರ್ಷಾನೂ ನೋಡ್ತೀನಿ, ಇದೇ ಗಂಟು. ಅವರೆ ಏನು ಸತ್ತೋಯ್ತಾ?"

ತಂದೆಯವರು ಗಂಟನ್ನು ಉಗುರಿನಿಂದ ಸೀಳಿದರು. ಒಳಗೆ ನಸುಗೆಂಪು. ನನಗೆ ಧೈರ್ಯ ಬಂತು.

"ಒಳ್ಗೆ ಕೆಂಪಗಿದ್ರೆ ಗೊಬ್ಬರ ಆಗ್ತಿದೆ ಅಂತ ಅಪ್ಪ."

"ಹಂಗಂತ ಮೊದ್ಲೇ ಹೇಳೋಕೇನಾಗಿತ್ತು?"

ನೇಗಿಲು ಹೊರಡಲಿಲ್ಲ. ಮರುದಿನ ಬೆಳಿಗ್ಗೆ ಕುರಿ ಮಂದೆಯೊಂದಿಗೆ ಕುರುಬರ ಹಿರಿಯರೊಬ್ಬರು ಬಂದರು. ನಾನು ಆತುರದಿಂದ ಬೇಲಿಯ ಮುಳ್ಳು ಸರಿಸಹೋದಾಗ ಅವರು ಕೋಲು ಅಡ್ಡ ಹಿಡಿದರು.

"ತಡ್ಕೊಳ್ಳಿ ಸ್ವಾಮಿ, ರಾತ್ರಿ ಮಳೆ ನೀರು ಆರ್ಲಿ. ಹಸ್ದ ಕುರಿ ಒದ್ದೆ ಸೊಪ್ಪು ತಿಂದ್ರೆ ಹೊಟ್ಟೆ ಉಬ್ಬರಿಸ್ತದೆ."

ಹೊಟ್ಟೆ ಅರ್ಧ ತುಂಬಲೆಂದು ಅವರು ಕುರಿಗಳನ್ನು ಮೊದಲು ಕೆರೆ ಏರಿಯ ಬಲಿತ ಒರಟು ಹುಲ್ಲಿಗೆ ಹೊಡೆದುಕೊಂಡು ಹೋದರು. ಇದನ್ನು ಕಾಲೇಜಿನಲ್ಲಿ ಹೇಳಿಕೊಡಲಿಲ್ಲವೇ ಎಂದು ತಂದೆಯವರು ಬಹಳ ಮೃದುವಾಗಿ ಕೇಳಿದರು. ಹೇಳಿಕೊಟ್ಟಿದ್ದರು, ನಾನು ಮರೆತಿದ್ದೆ ಎಂದು ಒಪ್ಪಿಕೊಂಡೆ. ಅವರು ನಕ್ಕರು.

ಬಿಸಿಲೇರಿ ಮಂದೆ ಮರಳಿದ ಮೇಲೆ ತಂದೆಯವರೇ ಮುಳ್ಳು ಸರಿಸಿದರು. ಬದನೆ ಮಡಿಯತ್ತ ನುಗ್ಗಿದ ಟಗರನ್ನು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಪಂಚೆಯೆಲ್ಲ ಕೆಸರು ಮಾಡಿಕೊಂಡು ಅದನ್ನು ಎಳೆದು ತರುವಾಗ, ರಾಗಿಗೆ ಯಾವತ್ತು ಉಳೋಣ ಎಂದು ತಂದೆಯವರು ಬದುವಿನ ಮೇಲಿಂದ ನನ್ನನ್ನೇ ಕೇಳಿದರು.