ಕೆಂಪು ಕಾರಿನ ನಾಲ್ಕನೇ ಬೋಲ್ಟು

ಗಿರಾಕಿಯ ಗಾಡಿಯ ಸದ್ದು ಕೇಳಿದ ಕೂಡಲೇ ಹಾಲೇಶ ತನ್ನ ಎಡಗೈಯನ್ನು ಗ್ರೀಸಿನ ಡಬ್ಬಿಗೆ ಅದ್ದುತ್ತಿದ್ದ. ಅವನ ಹೆಂಡತಿ ಮಾಲಿನಿ ಹಿಂದಿನ ನಲ್ಲಿಯ ಹತ್ತಿರ ಓಡಿಹೋಗಿ, ಸೋಪಿನ ಪುಡಿ ಹಾಕಿಕೊಂಡು ಎರಡೂ ಕೈ ತಿಕ್ಕಿ ತೊಳೆಯುತ್ತಿದ್ದಳು. ಬೀರೂರಿನಿಂದ ಕಡೂರಿಗೆ ಹೋಗುವ ರಸ್ತೆಯ ಪಕ್ಕದ ಆ ತಗಡಿನ ಗ್ಯಾರೇಜು ಎರಡು ವರ್ಷದಿಂದ ನಡೆದದ್ದೇ ಹೀಗೆ. ಗಿರಾಕಿ ಒಳಗೆ ಬರುವಷ್ಟರಲ್ಲಿ ಕುರ್ಚಿಯಲ್ಲಿ ಕೂತ ಹಾಲೇಶನ ಕೈ ಕಪ್ಪಾಗಿರುತ್ತಿತ್ತು, ಮಾಲಿನಿಯ ಕೈಯಲ್ಲಿ ಚಹಾದ ಲೋಟವಿರುತ್ತಿತ್ತು. "ಲಕ್ವ ಹೊಡೆದ್ರೂ ಹಾಲೇಶ ಕೆಲ್ಸ ಬಿಡ್ಲಿಲ್ಲ ನೋಡಪ್ಪಾ" ಎಂದು ಜನ ಮೆಚ್ಚಿಕೊಂಡು ಹೋಗುತ್ತಿದ್ದರು. ಹೊಗಳಿಕೆಯೆಲ್ಲ ಕುರ್ಚಿಗೆ, ಸೊಂಟನೋವೆಲ್ಲ ಮಾಲಿನಿಗೆ.

ಇದರಲ್ಲಿ ಮೋಸವೇನೂ ಇಲ್ಲ ಎಂಬುದು ಹಾಲೇಶನ ವಾದ. ತಲೆ ತನ್ನದು, ಕೈ ಮಾತ್ರ ಅವಳದು. ಬಲಗಡೆಯ ಅರ್ಧ ಮೈ ಸತ್ತುಹೋದ ಗಂಡಸಿಗೆ ಅಷ್ಟಾದರೂ ಉಳಿಯಬೇಡವೇ? ಮಾಲಿನಿ ಈ ಮಾತಿಗೆ ಎದುರಾಡಿದವಳಲ್ಲ. ಚೌಳಹಿರಿಯೂರಿನ ಹುಡುಗಿ, ಮದುವೆಗೆ ಮುಂಚೆ ಅಪ್ಪನ ಜೊತೆ ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿದವಳು. ಮದುವೆಯಾದ ಮೇಲೆ ಇಪ್ಪತ್ತು ವರ್ಷ ಗಂಡನ ಕೈಗೆ ಸ್ಪ್ಯಾನರ್ ಎತ್ತಿಕೊಟ್ಟವಳು, ಗಾಡಿ ಓಡಿಸುವುದನ್ನೂ ಅವನಿಂದಲೇ ಕಲಿತವಳು. "ಹದಿನೇಳು ಕೊಡು" ಎಂದರೆ ನೋಡದೆಯೇ ಹದಿನೇಳನ್ನೇ ಕೊಡುತ್ತಿದ್ದಳು. ಗಂಡ ಬಿದ್ದಾಗ ಸ್ಪ್ಯಾನರ್ ಅವಳ ಕೈಯಲ್ಲೇ ಉಳಿಯಿತು, ಅಷ್ಟೆ. ಆದರೆ ಒಂದು ವಿಷಯ ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಈ ಕೆಲಸ ಅವಳಿಗೆ ಇಷ್ಟವಾಗಿತ್ತು. ಬೆಳಗ್ಗೆ ಷಟರ್ ಎತ್ತುವಾಗ ಅವಳಿಗೆ ಸಂತೋಷವಾಗುತ್ತಿತ್ತು.

ಆ ಷಟರ್ ಇನ್ನು ಮೇಲೇಳುತ್ತದೋ ಇಲ್ಲವೋ ಎನ್ನುವುದು ಆ ಶನಿವಾರ ಒಂದು ಬೋಲ್ಟಿನ ಮೇಲೆ ನಿಂತಿತ್ತು.

ತರೀಕೆರೆಯಲ್ಲಿ ದೊಡ್ಡ ಗ್ಯಾರೇಜು ಇಟ್ಟಿದ್ದ ಚಂದ್ರಕುಮಾರ್ ಆರು ತಿಂಗಳಿಂದ ಇವರ ಸಾಮಾನಿನ ಮೇಲೆ ಕಣ್ಣಿಟ್ಟಿದ್ದ. "ಕುರ್ಚಿ ಮೇಲೆ ಕೂತು ಎಷ್ಟು ದಿನ ಅಂತ ಎಳೀತೀಯ ಅಣ್ಣ? ಸಾಮಾನೆಲ್ಲ ನಂಗೆ ಕೊಟ್ಬಿಡು, ಆರಾಮಾಗಿರು" ಎನ್ನುತ್ತಿದ್ದ. ಹೋದ ವಾರ ಮತ್ತೆ ಬಂದು ಹಾಗೇ ಕೆಣಕಿದಾಗ ಹಾಲೇಶನಿಗೆ ರೇಗಿತು. ಶೆಡ್ಡಿನಲ್ಲಿ ಆಗತಾನೇ ತಳ್ಳಿ ತಂದು ನಿಲ್ಲಿಸಿದ್ದ ಕೆಂಪು ಕಾರನ್ನು ತೋರಿಸಿ, "ಇದರ ಬೋಲ್ಟು ಒಂದೂ ಮುರೀದಂಗೆ ಬಿಚ್ಚಿ ತೋರುಸ್ತೀನಿ. ಒಂದು ಮುರುದ್ರೂ ಬಾಗ್ಲು ಹಾಕಿ ಬೀಗದ ಕೈ ನಿನಗೇ ಕೊಡ್ತೀನಿ" ಎಂದುಬಿಟ್ಟ. ಬಿಚ್ಚುವ ಕೈ ಯಾರದೋ, ಮಾತು ಕೊಟ್ಟ ಬಾಯಿ ಯಾರದೋ! ಒಲೆಯ ಮುಂದೆ ಕೂತಿದ್ದ ಮಾಲಿನಿಗೆ ಅದು ಕೇಳಿಸಿತು. ತಲೆಯೆತ್ತದೆ ಚಹಾ ಸೋಸಿದಳು.

ಕಾರು ಎರಡೇ ಬಾಗಿಲಿನದು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ತಗ್ಗು, ಹೊರದೇಶದ್ದು. ಕಡೂರಿನ ಕೊಬ್ಬರಿ ಮಂಡಿಯ ಕಲ್ಲೇಶಪ್ಪನವರು ಒಂದು ಕಾಲದಲ್ಲಿ ಅದನ್ನು ಅಜ್ಜಂಪುರದ ರಸ್ತೆಯಲ್ಲಿ ಓಡಿಸುತ್ತಿದ್ದರೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ನಿಂತು ನೋಡುತ್ತಿದ್ದರು. ಅವರಿಗೆ ವಯಸ್ಸಾದ ಮೇಲೆ ಕಾರು ಹತ್ತು ವರ್ಷ ಮಂಡಿಯ ಶೆಡ್ಡಿನಲ್ಲಿ ನಿಂತಿತ್ತು. ಹೋದ ವರ್ಷ ಅವರು ತೀರಿಕೊಂಡರು. ಭಾನುವಾರ ವರ್ಷದ ಪುಣ್ಯಸ್ಮರಣೆ. ಅವರ ಹೆಂಡತಿ ಕಾಶಮ್ಮನವರು, ಆ ದಿನ ಯಜಮಾನರ ಕಾರು ತನ್ನ ಕಾಲ ಮೇಲೆ ತಾನು ಬಂದು ಮನೆ ಮುಂದೆ ನಿಲ್ಲಬೇಕು ಎಂದಿದ್ದರಂತೆ. ಅದಕ್ಕೇ ಕಲ್ಲೇಶಪ್ಪನವರ ತಮ್ಮ ಗುರುಮೂರ್ತಿಯವರು ಅದನ್ನು ಇಲ್ಲಿಗೆ ತಂದಿದ್ದರು. "ಶನಿವಾರ ಐದು ಗಂಟೆಗೆ ಬತ್ತೀನಿ ಹಾಲೇಶ. ನಿನ್ನ ಕೈ ಮೇಲೆ ನಂಬಿಕೆ" ಎಂದು ಹೇಳಿಹೋಗಿದ್ದರು.

ಎಂಜಿನ್ ಎರಡೇ ದಿನಕ್ಕೆ ಮಾತಾಡಿತು. ಕಷ್ಟ ಕೊಟ್ಟದ್ದು ಮುಂದಿನ ಸಸ್ಪೆನ್ಷನ್. ಚಕ್ರವನ್ನು ಹಿಡಿದಿರುವ ಕೆಳಗಿನ ತೋಳುಗಳು, ಅವನ್ನು ಕಾರಿನ ಮೈಗೆ ಬಿಗಿದ ನಾಲ್ಕು ಉದ್ದನೆಯ ಬೋಲ್ಟುಗಳು, ಎಲ್ಲ ತುಕ್ಕು. ಹೊಸ ಬೋಲ್ಟು, ತೋಳಿನ ತುದಿಗೆ ಕೂರುವ ರಬ್ಬರ್ ಸುತ್ತಿದ ಕೊಳವೆಯ ಹೊಸ ಬುಶ್ ಶಿವಮೊಗ್ಗದ ಲೇತ್‌ನಲ್ಲಿ ಮಾಡಿಸಿ ತಂದಾಗಿತ್ತು. ಹಳೆಯದು ಈಚೆ ಬರಬೇಕಲ್ಲ! ಆ ಬೋಲ್ಟುಗಳಿಗೆ ಬೇರೆ ನಟ್ಟಿಲ್ಲ, ನಟ್ಟನ್ನು ಕಾರಿನ ಮೈಗೇ ಬೆಸೆದಿದ್ದರು. ಬೋಲ್ಟು ನಡುವೆ ಮುರಿದರೆ ತುಂಡು ಒಳಗೇ ಉಳಿಯುತ್ತದೆ. ಅದನ್ನು ಕೊರೆದು ತೆಗೆಯಲು ಹೋದರೆ ಮೈಯ ತಗಡೇ ಕೈಗೆ ಬರುತ್ತದೆ.

ಬಲಗಡೆಯ ಎರಡೂ, ಡೀಸೆಲ್‌ಗೆ ಬ್ರೇಕ್ ಆಯಿಲ್ ಬೆರೆಸಿ ನೆನೆಹಾಕಿದ ಮೇಲೆ, ಹೆಚ್ಚು ಸತಾಯಿಸದೆ ಬಂದವು. ಎಡಗಡೆಯ ಮುಂದಿನದು ಒಂದೂವರೆ ದಿನ ತಿಂದಿತು. ಉಳಿದದ್ದು ಎಡಗಡೆಯ ಹಿಂದಿನದು, ನಾಲ್ಕನೆಯದು. ಅದರ ತಲೆಯ ಸುತ್ತ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಮಾಲಿನಿ ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿ ನೋಡಿದಳು.

"ಉಪ್ಪು ಕಣ್ರೀ!"

"ಬಾಯಿಗೆ ಹಾಕ್ಕೊಂಡ್ಯಾ? ಥೂ! ಕಡೂರಿಗೆ ಸಮುದ್ರ ಬಂದೈತಾ ಉಪ್ಪು ಹತ್ತೋಕೆ? ಕೆಲ್ಸ ನೋಡೇ."

ಶನಿವಾರ ಮಧ್ಯಾಹ್ನ ಮೂರಾಗಿತ್ತು. ಚಂದ್ರಕುಮಾರ್ ತರೀಕೆರೆಯಿಂದ ಬಂದು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ. ಯಾರೂ ಕರೆದಿರಲಿಲ್ಲ. ಕೆಲಸ ಮಾಡುವುದು ಯಾರು ಎಂಬ ಗುಟ್ಟು ಅವನಿಗೊಬ್ಬನಿಗೆ ಗೊತ್ತಿತ್ತು, ಅದನ್ನು ಊರಿಗೆಲ್ಲ ಹೇಳಿರಲಿಲ್ಲ ಎನ್ನುವುದೊಂದೇ ಅವನ ದೊಡ್ಡಗುಣ. ಮಾಲಿನಿ ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು, ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಅಂಗಾತ ಮಲಗಿದ್ದಳು. ತೋಳಿಗೆ ಜಾಕ್ ಕೊಟ್ಟಿತ್ತು. ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಎಳೆದಳು. ಪೈಪು ಎರಡು ಬೆರಳಷ್ಟು ಸರಿಯಿತು.

"ಬಂತು! ಬಂತು ಕಣೇ! ಎಳಿ!" ಹಾಲೇಶ ಕುರ್ಚಿಯ ತುದಿಗೆ ಬಂದ.

ಮಾಲಿನಿ ಎಳೆಯಲಿಲ್ಲ. ಕೈ ಸಡಿಲಿಸಿದಳು. ಪೈಪು ಎರಡು ಬೆರಳು ಹಿಂದಕ್ಕೆ ಹೋಗಿ ಮೊದಲಿನ ಜಾಗಕ್ಕೇ ನಿಂತಿತು.

ಮತ್ತೆ ಎಳೆದಳು. ಮತ್ತೆ ಎರಡು ಬೆರಳು ಬಂತು, ಬಿಟ್ಟರೆ ವಾಪಸ್ ಹೋಯಿತು. ಹಣೆಯ ಮೇಲೆ ತುಕ್ಕಿನ ಪುಡಿ ಉದುರಿತು.

"ಯಾಕೆ ನಿಲ್ಲಿಸ್ದೆ? ತಿರುಗ್ತಾ ಐತೆ, ಇಲ್ಲಿಗೇ ಕಾಣ್ತೈತೆ ನಂಗೆ! ಒಂದೇ ಸಲ ಜೋರಾಗಿ ಎಳಿ!"

"ತಿರುಗ್ತಿಲ್ಲ ಕಣ್ರೀ. ಹೋಗಿದ್ದು ವಾಪಸ್ ಬರ್ತೈತೆ. ಒಳಗೆ ಏನೋ ಹಿಡ್ಕೊಂಡು ಎಳೀತೈತೆ."

"ಇಪ್ಪತ್ತೈದು ವರ್ಷ ಬೋಲ್ಟು ಬಿಚ್ಚಿರೋನು ನಾನು. ನೀನು ನಂಗೆ ಹೇಳಿಕೊಡ್ತೀಯಾ?"

ಈ ಎರಡು ವರ್ಷದಲ್ಲಿ ಹಾಲೇಶ ಹೇಳಿದ್ದು ಒಂದು ಸಲವೂ ತಪ್ಪಾಗಿರಲಿಲ್ಲ. ಕಷ್ಟ ಅದೇ. ಸದಾ ಸರಿಯಾಗಿರುವ ಗಂಡನ ಮಾತು ಮೀರುವುದಕ್ಕಿಂತ ತುಕ್ಕು ಹಿಡಿದ ಬೋಲ್ಟು ಬಿಚ್ಚುವುದು ಸುಲಭ. ಆದರೆ ಅವನಿಗೆ ಕಾಣುತ್ತಿದ್ದದ್ದು ಪೈಪಿನ ತುದಿ ಮಾತ್ರ. ಒಳಗೆ ಏನಾಗುತ್ತಿದೆ ಎಂದು ಗೊತ್ತಾಗುತ್ತಿದ್ದದ್ದು ಮಾಲಿನಿಯ ಅಂಗೈಗೆ. ಬೋಲ್ಟು ಬುಶ್‌ನ ಒಳಕೊಳವೆಗೆ ತುಕ್ಕಿನಲ್ಲಿ ಅಂಟಿಹೋಗಿದೆ. ತಿರುಗಿಸಿದರೆ ಕೊಳವೆಯೂ ಜೊತೆಗೆ ತಿರುಗಿ, ಸುತ್ತಲಿನ ರಬ್ಬರ್ ಹಿಂಡಿಕೊಂಡು ವಾಪಸ್ ಎಳೆಯುತ್ತಿದೆ. ಜೋರಾಗಿ ಎಳೆದರೆ ಬೋಲ್ಟು ಎರಡು ತುಂಡು.

"ಅಣ್ಣ, ಗ್ಯಾಸ್ ಕಟರ್ ನನ್ನ ವ್ಯಾನ್‌ನಾಗೇ ಐತೆ. ಎರಡು ನಿಮಿಷದ ಕೆಲ್ಸ" ಎಂದ ಚಂದ್ರಕುಮಾರ್.

"ಪಕ್ಕದಲ್ಲೇ ಪೆಟ್ರೋಲ್ ಪೈಪ್ ಐತೆ, ಸುಮ್ನೆ ಕೂತ್ಕೊಳ್ಳಪ್ಪ!" ಕಾರಿನ ಕೆಳಗಿಂದ ಮಾಲಿನಿ ಗದರಿದಳು. ಅವಳು ಹೊರಗಿನವರ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ಹಾಲೇಶನ ಮುಖ ಕೆಂಪಾಯಿತು. "ಮಾಲಿ, ಕೊನೇ ಸಲ ಹೇಳ್ತಾ ಇದೀನಿ. ಎಳಿ."

"ಎಳಿಯಲ್ಲ ಕಣ್ರೀ."

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಮಾಲಿನಿ ಪೈಪಿನಿಂದ ಕೈ ತೆಗೆದಳು. "ನಿಮಗೆ ಕಾಣೋದು ಪೈಪು. ನಂಗೆ ಒಳಗಿಂದು ತಿಳೀತೈತೆ. ಮುರುದ್ರೆ ನೀವು ಕೊಟ್ಟ ಮಾತು ಹೋಗ್ತೈತೆ, ನಂಗೆ ಈ ಜಾಗಾನೇ ಹೋಗ್ತೈತೆ. ಹೋಗೋದಾದ್ರೆ ನನ್ನ ತಪ್ಪಿಗೇ ಹೋಗ್ಲಿ ಬಿಡಿ."

ನಡೆಯುವಂತಿದ್ದರೆ ಹಾಲೇಶ ಎದ್ದು ಬಂದು ಪೈಪು ಕಿತ್ತುಕೊಳ್ಳುತ್ತಿದ್ದನೇನೋ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮಾಲಿನಿ ಹೊರಗೆ ಬಂದು ಪೈಪನ್ನು ಕಿತ್ತು ಬದಿಗಿಟ್ಟಳು. ಶೆಡ್ಡಿನಾಚೆ ಬ್ಲೋ ಲ್ಯಾಂಪ್ ಹಚ್ಚಿ, ಒಂದು ಕಬ್ಬಿಣದ ಸರಳಿನ ತುದಿಯನ್ನು ಕೆಂಪಗೆ ಕಾಯಿಸಿ, ಒಳಗೆ ತಂದು ಬೋಲ್ಟಿನ ತಲೆಗೆ ಒತ್ತಿ ಹಿಡಿದಳು. ಬಿಸಿಯೇರಿದ ಮೇಲೆ ಮೇಣದಬತ್ತಿ ಮುಟ್ಟಿಸಿದಳು. ಮೇಣ ಕರಗಿ ಸಂದಿಯೊಳಗೆ ಇಳಿಯಿತು. ಆಮೇಲೆ ಬರೀ ಸ್ಪ್ಯಾನರ್ ಹಿಡಿದು, ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ಒತ್ತಿದಳು. ನಂತರ ಬಿಚ್ಚುವ ಕಡೆಗೆ ಅಷ್ಟೇ. ಮತ್ತೆ ಬಿಗಿ, ಮತ್ತೆ ಸಡಿಲ. ಅಪ್ಪ ಕಲಿಸಿದ್ದು ಹಾಗೇ. ಒಣಗಿದ ಕಾಯಿಯನ್ನು ಗೂಟಕ್ಕೆ ಕುಟ್ಟಿ ಒಂದೇ ಸಲಕ್ಕೆ ಸೀಳಲು ಹೋದರೆ ಮಣಿಕಟ್ಟು ಮುರಿಯುತ್ತದೆ, ಅತ್ತ ಇತ್ತ ಅಲುಗಿಸಿದರೆ ಮಟ್ಟೆ ತಾನೇ ಬಿಡುತ್ತದೆ.

ನಾಲ್ಕು ಗಂಟೆಯಾಯಿತು. ಕೈಯ ಬೊಬ್ಬೆ ಒಡೆದು ರಕ್ತ ಬಂತು. ಚಂದ್ರಕುಮಾರ್ ಎರಡು ಸಲ ಗಡಿಯಾರ ನೋಡಿದ. ಮತ್ತೆ ಸರಳು ಕಾಯಿಸಿದಳು, ಮತ್ತೆ ಮೇಣ ಇಳಿಸಿದಳು. ಹಾಲೇಶ ಸ್ಪ್ಯಾನರನ್ನೇ ದಿಟ್ಟಿಸುತ್ತಿದ್ದ.

ನಾಲ್ಕೂ ಇಪ್ಪತ್ತಕ್ಕೆ 'ಟಕ್' ಎಂದಿತು.

ಮೂವರೂ ಬೆಚ್ಚಿದರು. ಮುರಿದರೂ ಅದೇ ಸದ್ದು, ಬಿಟ್ಟುಕೊಂಡರೂ ಅದೇ ಸದ್ದು. ಚಂದ್ರಕುಮಾರ್ ಎದ್ದು ನಿಂತ. ಮಾಲಿನಿ ಸ್ಪ್ಯಾನರನ್ನು ಮೆಲ್ಲಗೆ ಒಂದು ಬೆರಳಷ್ಟು ತಿರುಗಿಸಿ, ಕೈ ಬಿಟ್ಟಳು.

ಅದು ವಾಪಸ್ ಬರಲಿಲ್ಲ. ಇಟ್ಟಲ್ಲೇ ನಿಂತಿತು.

ಇನ್ನೊಂದು ಬೆರಳು ತಿರುಗಿಸಿದಳು. ಬಿಗಿಯಾಗಿಯೇ, ಕಿರ್ರೆನ್ನುತ್ತಲೇ, ಬೋಲ್ಟು ಅವಳು ಹೇಳಿದಷ್ಟೇ ತಿರುಗಿ ಅಲ್ಲೇ ನಿಂತಿತು. ಕಾಲು ಗಂಟೆಯಲ್ಲಿ ಪೂರ್ತಿ ಈಚೆ ಬಂತು. ಅದನ್ನು ತಂದು ಗಂಡನ ಎಡಗೈಯಲ್ಲಿಟ್ಟಳು. ಎರಡೂ ತುದಿ ದಪ್ಪ, ನಡುವೆ ತುಕ್ಕು ತಿಂದು ಪೆನ್ಸಿಲ್ಲಿನಷ್ಟು ಸಪೂರ. ಹಾಲೇಶ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಜೋರಾಗಿ ಒಂದೇ ಒಂದು ಸಲ ಎಳೆದಿದ್ದರೆ ಏನಾಗುತ್ತಿತ್ತು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬತ್ತೀನಣ್ಣ" ಎಂದ ಚಂದ್ರಕುಮಾರ್, ಯಾರ ಮುಖವನ್ನೂ ನೋಡದೆ. ಬಾಗಿಲು ದಾಟುವಾಗ ಮಾಲಿನಿಯ ಕಡೆ ತಿರುಗಿ, "ಬತ್ತೀನಕ್ಕ" ಎಂದೂ ಸೇರಿಸಿದ.

ಹೊಸ ಬುಶ್, ಹೊಸ ಬೋಲ್ಟು ಕೂರಿಸಿ ಕೊನೆಯದನ್ನು ಬಿಗಿ ಮಾಡಿ, ಚಕ್ರ ಹಾಕಿ ಜಾಕ್ ಇಳಿಸುವಷ್ಟರಲ್ಲಿ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಗುರುಮೂರ್ತಿಯವರ ಜೀಪು. ಐದಾಗಿ ಹತ್ತು ನಿಮಿಷ. ಮಾಲಿನಿ ಗಡಬಡಿಸಿ ಎದ್ದು, ಎರಡು ವರ್ಷದ ಅಭ್ಯಾಸದಂತೆ, ಖಾಕಿ ಅಂಗಿಯ ಗುಂಡಿ ಬಿಚ್ಚುತ್ತ ನಲ್ಲಿಯ ಕಡೆ ಓಡಿದಳು. ಸೋಪಿನ ಪುಡಿಯ ಡಬ್ಬಿಗೆ ಕೈ ಹಾಕಿದಳು.

"ಮಾಲಿ."

ತಿರುಗಿ ನೋಡಿದಳು. ಗ್ರೀಸಿನ ಡಬ್ಬಿಯ ಮುಚ್ಚಳ ಹಾಕಿದ ಹಾಗೇ ಇತ್ತು. ಹಾಲೇಶನ ಎಡಗೈ ತೊಡೆಯ ಮೇಲೆ ಇತ್ತು, ಬೆಳ್ಳಗೆ.

"ಕೈ ತೊಳೀಬೇಡ ಕಣೇ. ಬಾ ಇಲ್ಲಿ."

ಗುರುಮೂರ್ತಿಯವರು ಒಳಗೆ ಬಂದು ನಾಲ್ಕು ಚಕ್ರದ ಮೇಲೆ ನಿಂತ ಕಾರನ್ನು ನೋಡಿದರು. ಖಾಕಿ ಅಂಗಿಯ ಹೆಂಗಸನ್ನೂ ಅವಳ ಕಪ್ಪು ಕೈಯನ್ನೂ ನೋಡಿದರು. ಕುರ್ಚಿಯ ಕಡೆ ತಿರುಗಿ, "ಏನ್ ಹಾಲೇಶ ಇದು?" ಎಂದರು.

"ಅವಳನ್ನೇ ಕೇಳಿ ಸಾರ್. ಬಿಚ್ಚಿದ್ದು ಅವಳೇ. ಎರಡು ವರ್ಷದಿಂದ ಎಲ್ಲಾನೂ ಅವಳೇ" ಎಂದ ಹಾಲೇಶ.

ಮಾಲಿನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಗಂಡನ ಮಡಿಲಲ್ಲಿದ್ದ ಸವೆದ ಬೋಲ್ಟನ್ನು ಎತ್ತಿ ಗುರುಮೂರ್ತಿಯವರ ಮುಂದೆ ಹಿಡಿದಳು. "ಸಾರ್, ತಪ್ಪು ತಿಳೀಬೇಡಿ. ನಿಮ್ಮ ಮಂಡಿ ಶೆಡ್ಡಿನಾಗೆ ಕಾರಿನ ಎಡಗಡೆಗೆ ಉಪ್ಪಿನ ಮೂಟೆ ಒಟ್ಟಿದ್ರಾ?"

ಗುರುಮೂರ್ತಿಯವರ ಹುಬ್ಬು ಮೇಲೇರಿತು. ತೆಂಗಿನ ಬುಡಕ್ಕೆ ಹಾಕಲು ಪ್ರತಿ ವರ್ಷ ತರಿಸುವ ಉಪ್ಪು, ಅದನ್ನು ಕಾರಿಗೆ ಒರಗಿಸಿ ಒಟ್ಟಿಸುತ್ತಿದ್ದವರು ಅವರೇ. "ಹೌದಮ್ಮ... ನಿಂಗೆ ಹೆಂಗೆ ಗೊತ್ತಾಯ್ತು?"

"ನೆಕ್ಕಿ ನೋಡಿದ್ಲು ಸಾರ್" ಎಂದ ಹಾಲೇಶ ಕುರ್ಚಿಯಿಂದ. "ನಾನು ಬೈದೆ."

ಗುರುಮೂರ್ತಿಯವರು ನಗಲಿಲ್ಲ. ಬೋಲ್ಟನ್ನು ಜೇಬಿಗೆ ಹಾಕಿಕೊಂಡು, ಕಾರಿನಲ್ಲೇ ಇದ್ದ ಬೀಗದ ಕೈಯನ್ನು ಈಚೆ ತೆಗೆದು ಕುರ್ಚಿಯ ಕಡೆ ಚಾಚಿದರು, ಅರ್ಧಕ್ಕೆ ತಡೆದು ಮಾಲಿನಿಯ ಕಡೆ ತಿರುಗಿಸಿದರು. "ಒಂದು ಸುತ್ತು ಓಡಿಸಿ ನೋಡಿ ಬಾರಮ್ಮ. ಆಮೇಲೆ ನಮ್ಮತ್ತಿಗೆಗೆ ಫೋನ್ ಮಾಡ್ತೀನಿ."

ಮಾಲಿನಿ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳಲು ಹೋದವಳು ಸುಮ್ಮನಾದಳು. ಕಪ್ಪು ಕೈಯಲ್ಲೇ ಬೀಗದ ಕೈ ಇಸಿದುಕೊಂಡು ಕಾರಿನ ಬಾಗಿಲು ತೆಗೆದಳು. ಹಾಲೇಶ ಅವಳನ್ನೇ ನೋಡುತ್ತಿದ್ದ. "ಎಡಗಡೆ ಸದ್ದು ಏನಾದ್ರೂ ಬಂದ್ರೆ ನಂಗೆ ಬಂದು ಹೇಳು" ಎಂದು ಕೂಗಿದ. ಸ್ವಲ್ಪ ತಡೆದು, "ಏನು ಮಾಡಬೇಕು ಅಂತ ನೀನೇ ಹೇಳು" ಎಂದ.