ಅತ್ತಿಗೆ ಆರಿಸಿದ ತಳ್ಳುಗಾಡಿ

ನಾದಿನಿಯ ಬಾಯಲ್ಲಿ ಅತ್ತಿಗೆಯ ಹೊಗಳಿಕೆ ಸುಲಭಕ್ಕೆ ಬರುವುದಿಲ್ಲ. ಬಂದರೂ ಅದರ ಬಾಲಕ್ಕೆ ಒಂದು ‘ಆದರೆ’ ಅಂಟಿಕೊಂಡಿರುತ್ತದೆ. ನನ್ನ ಅಣ್ಣನ ಹೆಂಡತಿಯ ವಿಷಯದಲ್ಲಿ ಆ ‘ಆದರೆ’ಯನ್ನು ನಾನು ಬಹಳ ಹುಡುಕಿದ್ದೇನೆ, ಸಿಕ್ಕಿಲ್ಲ. ವಯಸ್ಸಿನಲ್ಲಿ ಅವಳು ನನಗಿಂತ ಚಿಕ್ಕವಳು, ವರಸೆಯಲ್ಲಿ ದೊಡ್ಡವಳು. ಹಾಗಾಗಿ ಕರೆಯುವುದು ಅತ್ತಿಗೆ ಎಂದು, ಜಗಳವಾಡುವುದು ಏಕವಚನದಲ್ಲಿ.

ಅವಳು ಸಿಟಿ ಬಸ್ಸಿನ ಡ್ರೈವರ್. ನಮ್ಮಮ್ಮನಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ. ಸೊಸೆ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ “ಸಾರಿಗೇಲಿ ಕೆಲಸ” ಎಂದು ಮಾತು ತೇಲಿಸಿಬಿಡುತ್ತಿದ್ದಳು. ಕೇಳಿದವರು ಮೇಜು, ಕುರ್ಚಿ, ಫ್ಯಾನು ಎಲ್ಲ ಕಲ್ಪಿಸಿಕೊಂಡರೆ ಅದು ಅವರ ತಪ್ಪು ಎನ್ನುವ ಹಾಗೆ.

ಎರಡನೆಯ ಹೆರಿಗೆಯ ರಜೆ ಮುಗಿಯುತ್ತ ಬಂದಾಗ ಡಿಪೋದ ಮ್ಯಾನೇಜರ್ ಅತ್ತಿಗೆಯನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ನೋಡಮ್ಮ, ಮೊದಲ್ನೇ ಪಾಳಿಗೆ ಟೈಮಿಗೆ ಸರಿಯಾಗಿ ಬಂದ್ರೆ ನಿನ್ನ ರೂಟು ನಿಂದೇ. ಪುಟ್ಟ ಮಕ್ಕಳನ್ನ ಇಟ್ಕೊಂಡು ಆಗಲ್ಲ ಅಂದ್ರೆ ಹೇಳು, ಪಾಸ್ ಕೊಡೋ ಕೌಂಟರಲ್ಲಿ ಕೂರಿಸ್ತೀನಿ.” ಕೌಂಟರಿನಲ್ಲಿ ನೆರಳಿದೆ, ಕಾಲು ಚಾಚಲು ಜಾಗವಿದೆ. ಆದರೆ ಸ್ಟೇರಿಂಗ್ ಹಿಡಿದಾಗ ಅತ್ತಿಗೆಯ ಮುಖ ನೋಡಿದವರು ಯಾರೂ ಅವಳನ್ನು ಕಿಟಕಿಯ ಹಿಂದೆ ಕೂರಿಸುವ ಮಾತಾಡುವುದಿಲ್ಲ.

ತೊಂದರೆ ಇದ್ದದ್ದು ಮನೆಯಿಂದ ಡಿಪೋದವರೆಗಿನ ದಾರಿಯಲ್ಲಿ. ಡಿಪೋದ ಪಕ್ಕದಲ್ಲೇ ನೌಕರರ ಮಕ್ಕಳಿಗೆಂದು ಶಿಶುವಿಹಾರವಿದೆ. ಅಲ್ಲಿಗೆ ಇಬ್ಬರು ಮಕ್ಕಳನ್ನೂ ಮುಟ್ಟಿಸಬೇಕು. ಅಣ್ಣನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ, ಬಿಸಿಲೇರಿದ ಮೇಲೇ ಮನೆಗೆ ಬರುವುದು. ನನ್ನ ಜೊತೆಗಿರುವ ಅಮ್ಮನಿಗೆ ಮಂಡಿನೋವು. ನಾನು ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ನರ್ಸು. ಬಸ್ಸಿನಲ್ಲಿ ಹೋಗೋಣವೆಂದರೆ ಆ ಹೊತ್ತಿಗೆ ಹೊರಡುವ ಮೊದಲ ಬಸ್ಸಿನ ಡ್ರೈವರೇ ಇವಳು! ನಡೆದೇ ಹೋಗಬೇಕು. ಚಿಕ್ಕವನು, ನಾವು ಗುಂಡ ಎನ್ನುವವನು, ಇನ್ನೂ ಕೈಕೂಸು. ದೊಡ್ಡವಳಿಗೆ, ನಮ್ಮ ಪಟಾಕಿಗೆ, ಮೂರು ವರ್ಷ ತುಂಬುತ್ತಿದೆ. ಚೆನ್ನಾಗಿ ನಡೆಯುತ್ತಿದ್ದ ಹುಡುಗಿ, ತಮ್ಮ ಹುಟ್ಟಿದ ದಿನದಿಂದ ಕಾಲೇ ಇಲ್ಲದವಳ ಹಾಗೆ “ಎತ್ಕೋ” ಎಂದು ಹಟ ಹಿಡಿದು ಕೂತುಬಿಡುತ್ತಿದ್ದಳು.

ಇದರ ನಡುವೆ ಅಮ್ಮ ಫೋನು ಮಾಡಿದಳು. ಮುಂದೇನು ಮಾಡುತ್ತೀಯೆಂದು ಕೇಳಿದ್ದಕ್ಕೆ ಅತ್ತಿಗೆ, ಗುಂಡನ ಬಟ್ಟೆ ಬದಲಿಸುತ್ತ, “ಇನ್ನೇನತ್ತೆ, ಸೋಮವಾರದಿಂದ ನಂಗೆ ತಳ್ಳುಗಾಡೀನೇ ಗತಿ” ಎಂದು ಹೇಳಿ ಫೋನಿಟ್ಟಳು.

ಸಂಜೆಗೆ ಅಮ್ಮ ಏದುಸಿರು ಬಿಡುತ್ತ ಪ್ರತ್ಯಕ್ಷ. ಹಿಂದೆ ನಾನು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಅಮ್ಮ ಶುರು ಮಾಡಿದಳು.

“ಈರುಳ್ಳಿ ಮಾರೋಕೆ ಹೊರಟಿದ್ದೀಯೇನೇ? ಅಷ್ಟುದ್ದ ಬಸ್ಸು ತಿರುಗಿಸೋ ಕೈಯಲ್ಲಿ ಬೀದಿ ಬೀದಿ ಗಾಡಿ ತಳ್ತೀಯಾ? ನಾನು ಬದುಕಿರೋವರೆಗೂ ಅದಾಗಲ್ಲ!”

“ಅತ್ತೆ, ಅದು…”

“ಬಾಯಿ ಮುಚ್ಚು. ಮಾರ್ಕೆಟ್ ತಿರುವಲ್ಲಿ ಒಂದು ಕಡೆ ಹೂವಿನ ಅಂಗಡಿ, ಇನ್ನೊಂದು ಕಡೆ ಲಾರಿಗಳು. ಅದರ ಮಧ್ಯೆ ನೀನು ಬಸ್ ತಿರುಗಿಸೋದನ್ನ ನೋಡೋಕೆ ಅಂತಾನೇ ನಾನು ಸೊಪ್ಪಿನ ನೆಪ ಮಾಡ್ಕೊಂಡು ಹೋಗಿ ನಿಂತ್ಕೋತಿದ್ದೆ. ಎಷ್ಟು ಸೊಪ್ಪು ಬಾಡಿ ಹೋಗಿದೆ ಇವಳನ್ನ ಕೇಳು!”

ನಮ್ಮ ಮನೆಯಲ್ಲಿ ಅಷ್ಟು ಸೊಪ್ಪು ಯಾಕೆ ಬರುತ್ತಿತ್ತೆಂದು ನನಗೆ ಆಗ ತಿಳಿಯಿತು. ಅತ್ತಿಗೆ ಕಣ್ಣು ಒರೆಸಿಕೊಂಡು ಮೆಲ್ಲಗೆ ಹೇಳಿದಳು, “ಅತ್ತೆ, ತಳ್ಳುಗಾಡಿ ಅಂದ್ರೆ ಮಕ್ಕಳನ್ನ ಕೂರಿಸ್ಕೊಂಡು ತಳ್ಳೋದು. ಸ್ಟ್ರಾಲರ್ರು. ಬಸ್ ಬಿಡಬಾರ್ದು ಅಂತಾನೇ ಅದನ್ನ ತಗೋತಿರೋದು.”

ಅಮ್ಮನ ಮುಖ ನೋಡಬೇಕಿತ್ತು. “ಹಾಗಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?” ಎಂದು ಗದರಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಗುಂಡನನ್ನು ಎತ್ತಿಕೊಂಡಳು. ಸ್ಟ್ರಾಲರ್ ನಾನೇ ಕೊಡಿಸುತ್ತೇನೆಂದು ನಾನು ಅಲ್ಲೇ ಘೋಷಿಸಿಬಿಟ್ಟೆ.

ಕೊಡಿಸುವವಳು ನಾನಾದ್ದರಿಂದ ಆರಿಸುವ ಅಧಿಕಾರವೂ ನನ್ನದೇ ಎಂಬ ಗತ್ತಿನಲ್ಲಿ ಅತ್ತಿಗೆಯನ್ನೂ ಮಕ್ಕಳನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ನನ್ನ ಕಣ್ಣು ಬಿದ್ದದ್ದು ಜೋಡಿ ಸೀಟಿನ ಗಾಡಿಯ ಮೇಲೆ. ಇಬ್ಬರೂ ಅಕ್ಕಪಕ್ಕ, ಮೇಲೆ ಕೊಡೆಯಂಥ ಚಾವಣಿ, ಕಾಫಿ ಲೋಟಕ್ಕೊಂದು ಗೂಡು. ಅತ್ತಿಗೆ ತುಟಿ ಓರೆ ಮಾಡಿ ಅದರ ಅಗಲಕ್ಕೆ ಮೊಳ ಹಾಕಿ ನೋಡಿದಳು. “ನಮ್ಮ ಲಿಫ್ಟಿನ ಬಾಗಿಲು ಒಂದೂವರೆ ಮೊಳ. ಇದು ಅದಕ್ಕಿಂತ ಅಗಲ. ಮಕ್ಕಳನ್ನ ಮನೇಲಿ ಬಿಟ್ಟು ಲೋಟ ತಗೊಂಡು ಹೋಗ್ಲಾ?” ಆದರೂ ನನ್ನ ಸಮಾಧಾನಕ್ಕೆ ಇಬ್ಬರನ್ನೂ ಕೂರಿಸಿ ತಳ್ಳಿದಳು. ಪಟಾಕಿಯ ತೂಕಕ್ಕೆ ಗಾಡಿ ಒಂದೇ ಕಡೆ ವಾಲಿತು, ಎತ್ತು ಏರಿಗೆ ಕೋಣ ನೀರಿಗೆ.

ಮುಂದಿನದು ಒಬ್ಬರ ಹಿಂದೊಬ್ಬರು ಕೂರುವಂಥದ್ದು. ಅಂಗಡಿಯ ಮೂಲೆಯಲ್ಲಿ ಅದು ತಿರುಗಲೇ ಇಲ್ಲ. ಡೈಪರ್ ಡಬ್ಬಗಳ ಸಾಲನ್ನು ಉರುಳಿಸಿ ನಿಂತಿತು. “ಇಷ್ಟುದ್ದದ್ದನ್ನ ತಿರುಗಿಸೋಕೆ ನಂಗೆ ಡಿಪೋದಲ್ಲಿ ಸಂಬಳ ಕೊಡ್ತಾರೆ. ಇದಕ್ಕೆ ಯಾರು ಕೊಡ್ತಾರೆ?” ಎಂದಳು ಅತ್ತಿಗೆ.

ಕೊನೆಗೆ ಅವಳು ಗೋಡೆಯ ಕಡೆ ಒತ್ತರಿಸಿಟ್ಟಿದ್ದ ಒಂದು ಸಣಕಲು ಗಾಡಿಯನ್ನು ಎಳೆದಳು. ಒಂದೇ ಸೀಟು. ಹಿಂದೆ, ತಳ್ಳುವವರ ಕಾಲಿನ ಮುಂದೆ, ಒಂದು ಪುಟ್ಟ ಹಲಗೆ. ನನಗೆ ರೇಗಿತು.

“ಮಕ್ಕಳು ಎರಡು, ಸೀಟು ಒಂದು. ಕಣ್ಣು ಕಾಣಿಸ್ತಿಲ್ವಾ?”

ಅವಳು ಗುಂಡನನ್ನು ಎತ್ತಿ ಸೀದಾ ಅಂಗಡಿಯವರ ಕೈಗಿಟ್ಟಳು. “ಸರ್, ಮಗೂನ ಬಿಡದೆ, ಇನ್ನೊಂದೇ ಕೈಲಿ ಮೂರನ್ನೂ ಮಡಚಿ ತೋರಿಸಿ.” ಪಾಪ, ಅಂಗಡಿಯವರು. ಮೊದಲ ಗಾಡಿಗೆ ಬೆವರಿದರು. ಎರಡನೆಯದಕ್ಕೆ ಗುಂಡ ಅವರ ಕನ್ನಡಕ ಕಿತ್ತುಕೊಂಡ. ಮೂರನೆಯದು ಗುಂಡಿ ಒತ್ತಿದ್ದೇ ತಡ, ತೆಪ್ಪಗೆ ಮಡಚಿಕೊಂಡು ಭುಜಕ್ಕೆ ಹಾಕುವ ಪಟ್ಟಿಯನ್ನು ತೋರಿಸಿತು. ಕನ್ನಡಕವಿಲ್ಲದ ಅಂಗಡಿಯವರು ನಮಗಿಂತ ಹೆಚ್ಚು ಸಂತೋಷಪಟ್ಟರು.

ಅಷ್ಟರಲ್ಲಿ ಪಟಾಕಿ ಅದನ್ನು ಮತ್ತೆ ಬಿಡಿಸಿ ಗುಂಡನನ್ನು ಕೂರಿಸಲು ಹೇಳಿ ತಾನೇ ಹಲಗೆ ಹತ್ತಿದ್ದಳು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತಿಗೆಯ ತೋಳುಗಳ ನಡುವೆ ನೆಟ್ಟಗೆ ನಿಂತು, “ಗುಂಡಾ, ಸರಿಯಾಗಿ ಕೂತ್ಕೋ” ಎಂದು ಗದರಿದಳು. “ಇವಳಿಗೆ ಬೇಕಾಗಿರೋದು ಸೀಟಲ್ಲ, ನನ್ನ ಪಕ್ಕ ಜಾಗ” ಎಂದಳು ಅತ್ತಿಗೆ. ನಾನು ಬಿಲ್ ಮಾಡಿಸಿದೆ.

ಸೋಮವಾರ ನಾನು ರಜೆ ಹಾಕಿ ಅವರ ಕಟ್ಟಡದ ಕೆಳಗೆ ಹೋಗಿ ನಿಂತೆ. ಬೆಳಕು ಆಗತಾನೆ ಹರಿಯುತ್ತಿತ್ತು. ಲಿಫ್ಟಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು: ಕೆಟ್ಟಿದೆ. ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಇವತ್ತು ತಡವಾದರೆ ಕೌಂಟರೇ ಗತಿ. ಮೇಲಿನಿಂದ ಪಟಾಕಿಯ ಅಳು ಕೇಳಿಸಿತು, “ಎತ್ಕೋ! ಎತ್ಕೋ!”

ಮೆಟ್ಟಿಲಿನ ಸಂದಿಯಿಂದ ನೋಡಿದೆ. ಮಡಚಿದ ಗಾಡಿ ಅತ್ತಿಗೆಯ ಭುಜದಲ್ಲಿ ನೇತಾಡುತ್ತಿತ್ತು. ಒಂದು ಕೈಯಲ್ಲಿ ಗುಂಡ, ಇನ್ನೊಂದು ಕೈ ಮೆಟ್ಟಿಲಿನ ಕಂಬಿಯ ಮೇಲೆ. ನಾನು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತತೊಡಗಿದೆ.

“ನೀನು ಅಲ್ಲೇ ಇರು,” ಎಂದಳು ಅತ್ತಿಗೆ ಮೇಲಿನಿಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. “ನಾಳೆ ನೀನಿರಲ್ಲ.”

ನಾನು ಇಳಿದು ನಿಂತೆ. ಅಷ್ಟು ಕಷ್ಟದ ಕೆಲಸವನ್ನು ಆಸ್ಪತ್ರೆಯಲ್ಲೂ ಮಾಡಿಲ್ಲ.

“ಚಿನ್ನಾ, ನಂಗಿರೋದು ಎರಡೇ ಕೈ,” ಎಂದು ಅವಳು ಮಗಳಿಗೆ ಹೇಳುತ್ತಿದ್ದಳು. “ಒಂದರಲ್ಲಿ ತಮ್ಮ. ಇನ್ನೊಂದರಲ್ಲಿ ಕಂಬಿ. ಅದನ್ನ ಬಿಟ್ರೆ ಮೂರೂ ಜನ ಬೀಳ್ತೀವಿ. ನೀನು ನಂಗಿಂತ ಮುಂದೆ ಇಳಿ. ನಾನು ನಿನ್ನ ಹಿಂದೇನೇ ಬರ್ತೀನಿ.”

ಅಳು ನಿಂತಿತು. ಆಮೇಲೆ ಪಟಾಕಿ ಮೆಟ್ಟಿಲ ಮೇಲೆ ಕುಂಡಿಯೂರಿ ಕೂತು ಒಂದು ಮೆಟ್ಟಿಲು ಜಾರಿದಳು. ಮತ್ತೊಂದು. ಅವಳು ಜಾರಿದ ಮೇಲೆ ಅತ್ತಿಗೆ ಒಂದು ಹೆಜ್ಜೆ ಇಡುತ್ತಿದ್ದಳು, ಅವಸರಪಡಿಸಲಿಲ್ಲ. ಮೊದಲ ಮಹಡಿಗೆ ಬರುವಷ್ಟರಲ್ಲಿ ಹುಡುಗಿ ಎದ್ದು ನಿಂತು, ಗೋಡೆ ಹಿಡಿದು, ತನ್ನ ಎರಡು ಕಾಲಿನ ಮೇಲೆ ನಡೆದು ಬರುತ್ತಿದ್ದಳು. ನಾನು ಕೆಳಗೆ ಎರಡೂ ಕೈ ಚಾಚಿ ಕಾಯುತ್ತಿದ್ದೆ, ಕಣ್ಣು ತುಂಬಿತ್ತು.

ಕೊನೆಯ ಮೆಟ್ಟಿಲಲ್ಲಿ ನಿಂತು ಪಟಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅತ್ತೆ, ದಾರಿ ಬಿಡು. ಅಮ್ಮಂಗೆ ಬಸ್ಸಿದೆ.”

ನಾನು ದಾರಿ ಬಿಟ್ಟೆ.