ಉಸ್ತಾ ಬಿಶಾಯ್ ಅವರ ತಲೆಕೆಳಗಾದ ಕುರ್ಚಿ

ನಮ್ಮೂರು ಮಲ್ಲವಿಯ ಕಾಲುವೆ ಓಣಿಯಲ್ಲಿ ಉಸ್ತಾ ಬಿಶಾಯ್ ಅವರ ಮೋಟಾರ್‌ಸೈಕಲ್ ಅಂಗಡಿ ಇತ್ತು. ಕಬ್ಬಿಣದ ಬಾಗಿಲು, ಎಣ್ಣೆ ಕುಡಿದು ಕಪ್ಪಾದ ನೆಲ, ಹೊಸ್ತಿಲಿನ ಬಳಿ ಒಂದು ಮರದ ಕುರ್ಚಿ. ಕಸುಬಿನಲ್ಲಿ ಪಳಗಿದವರನ್ನೆಲ್ಲ ನಮ್ಮಲ್ಲಿ ಉಸ್ತಾ ಎನ್ನುತ್ತಾರೆ. ಆದರೆ ಆ ಓಣಿಯಲ್ಲಿ ಬರೀ ‘ಉಸ್ತಾ’ ಎಂದರೆ ಬಿಶಾಯ್ ಒಬ್ಬರೇ. ಅವರು ಬಿಚ್ಚಿ ಕೂಡಿಸಿದ ಎಂಜಿನ್ ಅದೇ ದೂರು ಹೊತ್ತು ಮರಳಿ ಬಂದದ್ದಿಲ್ಲ ಎಂಬ ಮಾತು ಮೂವತ್ತು ವರ್ಷಗಳಿಂದ ನಡೆದುಬಂದಿತ್ತು. ಅವರಿಗಿದ್ದ ಆಸ್ತಿ ಆ ಮಾತೊಂದೇ.

ನಾನಾಗ ಆರೋಗ್ಯ ಕೇಂದ್ರದಿಂದ ಹಳ್ಳಿಗಳಿಗೆ ಲಸಿಕೆ ಒಯ್ಯುತ್ತಿದ್ದೆ. ಓದಿದ್ದು ರಸಾಯನಶಾಸ್ತ್ರ, ಲಸಿಕೆಯ ಪೆಟ್ಟಿಗೆ ಹೊತ್ತ ತಪ್ಪಿಗೆ ಊರೆಲ್ಲ ಡಾಕ್ಟರ್ ಎನ್ನುತ್ತಿತ್ತು. ಆ ಬೇಸಿಗೆಯಲ್ಲಿ ಉಸ್ತಾ ನನ್ನ ಬೈಕಿಗೆ ಹೊಸ ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನೊಳಗೆ ಪಿಸ್ಟನ್ನಿಗೂ ವಾಲ್ವಿಗೂ ತಾಳ ಕೂಡಿಸುವ ಸರಪಳಿ, ಹಾಕಿದ್ದರು. ಹದಿನೈದು ದಿನವೂ ಆಗಿರಲಿಲ್ಲ, ಬೈಕ್ ಸೊರಗಿತು. ಹತ್ತು ಸಲ ಒದ್ದರೆ ಒಮ್ಮೆ ಸ್ಟಾರ್ಟ್ ಆಗುತ್ತಿತ್ತು. ಕಾರ್ಬೊರೇಟರ್ ಕೆಮ್ಮುತ್ತಿತ್ತು. ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಕಾಲುವೆಯ ಏರಿ ಹತ್ತುವುದಂತೂ ಆಗುತ್ತಲೇ ಇರಲಿಲ್ಲ.

ಉಸ್ತಾ ಅವರನ್ನು ಅನುಮಾನಿಸಲು ನನಗೆ ಮನಸ್ಸು ಬರಲಿಲ್ಲ. ಎದುರಂಗಡಿಯ ಜಖಾರಿಯ ಬಳಿ ಹೋದೆ. ಅವನು ಪ್ಲಗ್ ಬದಲಿಸಿದ, ಕಾರ್ಬೊರೇಟರ್ ತೊಳೆದ. ಏನೂ ಆಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಏರಿಯ ನಡುವೆ ಬೈಕ್ ನಿಂತೇಬಿಟ್ಟಿತು. ಪೆಟ್ಟಿಗೆಯನ್ನು ಕತ್ತೆಗಾಡಿಯವನೊಬ್ಬನ ಕೈಯಲ್ಲಿ ಕೇಂದ್ರಕ್ಕೆ ವಾಪಸು ಕಳಿಸಿ, ಬೈಕ್ ತಳ್ಳಿಕೊಂಡು ಉಸ್ತಾ ಅಂಗಡಿಗೆ ಬಂದೆ.

ಅಲ್ಲಿ ಚಹಾ ಕುಡಿಯುತ್ತಿದ್ದ ಮೂರ್ನಾಲ್ಕು ಜನ ಎದ್ದು ಸುತ್ತುಗಟ್ಟಿದರು.

“ಜಖಾರಿ ಮುಟ್ಟಿದ್ನಾ?” ಎಂದರು ಉಸ್ತಾ.

“ಪ್ಲಗ್ಗು, ಕಾರ್ಬೊರೇಟರ್ ಮಾತ್ರ.”

“ಮಂಗನ ಕೈಗೆ ಮಾಣಿಕ್ಯ ಕೊಟ್ರಲ್ಲ ಡಾಕ್ಟ್ರೇ!”

ಎದುರಿನಿಂದ ಜಖಾರಿ ಕೂಗಿದ: “ಮಾಣಿಕ್ಯ ಮೊದ್ಲೇ ಒಡ್ದಿತ್ತು ಉಸ್ತಾ!”

ಉಸ್ತಾ ಪ್ಲಗ್ ಕಳಚಿ, ತೂತಿಗೆ ಹೆಬ್ಬೆರಳು ಒತ್ತಿ, ಕಿಕ್ ತುಳಿಯಲು ನನಗೆ ಹೇಳಿದರು. ಬೆರಳನ್ನು ದೂಡಿ ಸಿಡಿಯಬೇಕಾದ ಗಾಳಿ ಮೆಲ್ಲಗೆ ಉಸಿರುಬಿಟ್ಟಿತು. ಅವರ ಮುಖದ ನಗು ಅಲ್ಲಿಗೇ ನಿಂತಿತು. ಮ್ಯಾಗ್ನೆಟ್ ಕವರ್ ಬಿಚ್ಚಿ, ಪಿಸ್ಟನ್ ತುತ್ತತುದಿಗೆ ಬರುವವರೆಗೆ ಮ್ಯಾಗ್ನೆಟ್ ತಿರುಗಿಸಿ, ಅದರ ಗೆರೆಯನ್ನು ಕೇಸಿನ ಗುರುತಿಗೆ ಕೂಡಿಸಿದರು. ಆಗ ಮೇಲೆ, ವಾಲ್ವ್ ಎತ್ತುವ ಹಲ್ಲುಗಾಲಿಯ ಚುಕ್ಕೆಯೂ ಹೆಡ್ಡಿನ ಗುರುತಿಗೆ ನೇರ ಬರಬೇಕು. ಬಂದಿರಲಿಲ್ಲ. ಒಂದು ಹಲ್ಲು ಹಿಂದಿತ್ತು. ಮೂವತ್ತೆರಡರಲ್ಲಿ ಒಂದು, ಆದರೆ ಹಲ್ಲುಗಾಲಿ ಒಂದು ಸುತ್ತು ಸುತ್ತುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ಎರಡು ಸುತ್ತುತ್ತದೆ, ಆದ್ದರಿಂದ ಅಲ್ಲಿ ಆ ತಪ್ಪು ಇಪ್ಪತ್ತೆರಡೂವರೆ ಡಿಗ್ರಿ. ವಾಲ್ವ್ ಮುಚ್ಚುವ ಹೊತ್ತಿಗೆ ಪಿಸ್ಟನ್ ಸಾಕಷ್ಟು ಗಾಳಿಯನ್ನು ಹೊರಗೆ ತಳ್ಳಿರುತ್ತದೆ.

“ಜಖಾರಿದೇ ಕೆಲ್ಸ, ಬಿಡಿ ಉಸ್ತಾ,” ಎಂದರು ಚಹಾದವರಲ್ಲಿ ಒಬ್ಬರು. ಜಖಾರಿ ಅಲ್ಲವೆಂದು ಕೈಯಾಡಿಸಿದ. ಅವನ ಮಾತನ್ನು ಯಾರು ನಂಬುತ್ತಿದ್ದರು?

ಉಸ್ತಾ ಕುರ್ಚಿಯ ಮೇಲೆ ಕೂತು ತಮ್ಮ ಬಲಗೈಯನ್ನು ನೋಡಿದರು.

“ಅವತ್ತು ಚೈನ್ ಹಿಡ್ಕೊಂಡು ಗಾಲಿ ಕೂರಿಸ್ತಿದ್ದೆ. ಹಾಜಿ ಮುತವಲ್ಲಿ ಈ ದಾರೀಲಿ ಹೋದ್ರು, ಸಲಾಂ ಅಂದ್ರು. ನಾನು ಕೈ ಎದೆಗಿಟ್ಕೊಂಡೆ.” ಅವರು ಅದೇ ಕೈಯನ್ನು ಎದೆಯ ಮೇಲಿಟ್ಟು ತೋರಿಸಿದರು. “ಚೈನ್ ಬಿಟ್ಟೆ. ಅದು ಸಡಿಲಾಗಿ ಒಂದು ಹಲ್ಲು ಜಾರಿದೆ. ಹಾಜಿ ಮೊಮ್ಮಗಳ ಮದ್ವೆ ಮಾತಾಡ್ತಾ ಮಾತಾಡ್ತಾ ಗಾಲಿ ಬಿಗಿದುಬಿಟ್ಟೆ. ತಿರುಗ್ಸಿ ನೋಡ್ಲಿಲ್ಲ.” ಆಮೇಲೆ ದನಿ ಎತ್ತಿ, “ಜಖಾರಿ, ಇದು ನನ್ನ ಕೈಯ ತಪ್ಪು. ಎಲ್ರೂ ಕೇಳಿಸ್ಕೊಳ್ಳಿ,” ಎಂದರು.

ಜಖಾರಿ ತನ್ನ ಅಂಗಡಿಯೊಳಗೆ ಹೋಗಿ, ಕೇಳದಿದ್ದರೂ, ಹತ್ತನೇ ನಂಬರಿನ ಸ್ಪ್ಯಾನರ್ ತಂದು ಕೊಟ್ಟ. ಉಸ್ತಾ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ತಲೆಕೆಳಗು ಮಾಡಿ ಹೊಸ್ತಿಲಿಗೆ ಅಡ್ಡ ಇಟ್ಟರು.

“ಇದು ಹೀಗಿರೋವರ್ಗೂ ನನಗ್ಯಾರೂ ಸಲಾಂ ಹೇಳ್ಬೇಡಿ.”

ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸಡಿಲಿಸಿದರು. ಚೈನನ್ನು ತಂತಿಯಲ್ಲಿ ಕಟ್ಟಿ ಹಿಡಿದು, ಒಂದು ಹಲ್ಲು ಸರಿಸಿ, ಗಾಲಿ ಕೂರಿಸಿದರು. ಕೈಯಿಂದಲೇ ಮ್ಯಾಗ್ನೆಟ್ ಎರಡು ಸುತ್ತು ತಿರುಗಿಸಿದರು. ಗುರುತುಗಳು ಮತ್ತೆ ಕೂಡಿದವು. ಇನ್ನೆರಡು ಸುತ್ತು ತಿರುಗಿಸಿದರು. ಆಮೇಲೆಯೇ ಬೋಲ್ಟ್ ಬಿಗಿದದ್ದು. ಒಂದೇ ಒದೆತಕ್ಕೆ ಎಂಜಿನ್ ಎದ್ದಿತು. ಮರುದಿನ ಪೆಟ್ಟಿಗೆಯೊಂದಿಗೆ ಏರಿ ಹತ್ತಿದೆ.

ಅಂದಿನಿಂದ ಟೈಮಿಂಗ್ ಕೆಲಸ ಬಂದಾಗಲೆಲ್ಲ ಕುರ್ಚಿ ತಲೆಕೆಳಗಾಗುತ್ತಿತ್ತು. ಶೇಖ್ ಆಗಲಿ ಪಾದ್ರಿಯಾಗಲಿ, ಅಂಗಡಿಯ ಮುಂದಿನ ಹತ್ತು ಹೆಜ್ಜೆಯನ್ನು ಬಾಯಿ ಮುಚ್ಚಿ ದಾಟುತ್ತಿದ್ದರು. ಸಲಾಂ ಹೇಳದೆ ಯಾರನ್ನೂ ದಾಟದ ನಮ್ಮೂರಿನಲ್ಲಿ ಇದು ಸಣ್ಣ ಮಾತಲ್ಲ. ಉಸ್ತಾ ಅವರ ಆಸ್ತಿ ಕರಗಲಿಲ್ಲ. ಇನ್ನೂ ದೂರದ ಹಳ್ಳಿಗಳಿಂದ ಎಂಜಿನ್‌ಗಳು ಬರತೊಡಗಿದವು.

ಹೋದ ವರ್ಷ ಬಹುಕಾಲದ ನಂತರ ಆ ಓಣಿಗೆ ಹೋದೆ. ಉಸ್ತಾ ತೀರಿಕೊಂಡು ಒಂಬತ್ತು ವರ್ಷ. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಎದುರು ಜಖಾರಿ, ಗಡ್ಡವೆಲ್ಲ ಬಿಳಿ, ಎಂಜಿನ್ ಮೇಲೆ ಬಾಗಿದ್ದ. ನಾನು ಸಂತೋಷದಲ್ಲಿ ಜೋರಾಗಿ ಸಲಾಂ ಅಂದುಬಿಟ್ಟೆ. ಅವನು ತಲೆ ಎತ್ತಲಿಲ್ಲ. ಆಗ ಹೊಸ್ತಿಲು ನೋಡಿದೆ: ಅದೇ ಮರದ ಕುರ್ಚಿ, ಕಾಲು ಮೇಲೆ.

ನಿಂತು ಕಾದೆ. ಜಖಾರಿ ಎರಡು ಸುತ್ತು ತಿರುಗಿಸಿದ, ಗುರುತು ನೋಡಿದ, ಮತ್ತೆ ಎರಡು ಸುತ್ತು ತಿರುಗಿಸಿದ, ಬಿಗಿದ. ಆಮೇಲೆ ಕೈ ಒರೆಸಿಕೊಂಡು ಬಂದು, ಕುರ್ಚಿಯನ್ನು ನೆಟ್ಟಗೆ ಮಾಡಿ, ಬಲಗೈ ಎದೆಗಿಟ್ಟ.

“ವಾಲೇಕುಂ ಸಲಾಂ, ಡಾಕ್ಟ್ರೇ. ಕೂತ್ಕೊಳ್ಳಿ.”